ಯಾರಿಗೆ ಈ ಆಟ

ಕುಂದಾಪುರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ಯಾಂಕಿನ ಅರ್ಜಿ, ಮಕ್ಕಳ ಪ್ರಾಜೆಕ್ಟುಗಳ ನಡುವೆ ಬಿಡುವು ಸಿಕ್ಕಾಗ ನಾನೊಂದು ಆಟ ಬರೆದೆ. ನಮ್ಮೂರಲ್ಲಿ ಆಟ ಅಂದರೆ ಯಕ್ಷಗಾನ. ಹಾಗಾಗಿ ಯಾರಿಗೆ ಹೇಳಿದರೂ ಮೊದಲ ಪ್ರಶ್ನೆ "ಯಾವ ಮೇಳದ್?" ಎಂದೇ. ಇದು ಬೇರೆ. ನಾಲ್ಕೈದು ಜನ ಸುತ್ತ ಕೂರಬೇಕು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಪಾತ್ರ ಮಾಡಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಬಸ್ರೂರಿನಂಥ ಒಂದು ಹಳೆಯ ಹೊಳೆಬಂದರು, ಅಲ್ಲಿನ ಅಂಬಿಗ, ಮೆಣಸಿನ ವ್ಯಾಪಾರಿ, ಸುಳ್ಳು ಸಾಕ್ಷಿ ಹೇಳುವ ಗುಮಾಸ್ತ, ರಾತ್ರಿ ದೋಣಿ ಕಟ್ಟುವ ದಕ್ಕೆಯ ಮೇಲೆ ಕಾಣಿಸಿಕೊಳ್ಳುವ ಸತ್ತವರು. ಇಷ್ಟು ನನ್ನ ಆಟ.

ಅಂಗಡಿಯ ಮಿಷನ್ನಿನಲ್ಲೇ ಪ್ರಿಂಟ್ ಹಾಕಿ, ಸ್ಪೈರಲ್ ಬೈಂಡ್ ಮಾಡಿ ಕೊಟ್ಟ ಪ್ರತಿಗಳೆಲ್ಲ ಮುಗಿದವು. ಆಮೇಲೂ ಒಬ್ಬಿಬ್ಬರು ಕೇಳಿಕೊಂಡು ಬಂದರು. ಹೊಸ ಆವೃತ್ತಿ ತರುವ ಎಂದು ನಾದಿನಿಯ ಹತ್ತಿರ ಬಾಯಿಬಿಟ್ಟದ್ದೇ ತಪ್ಪಾಯಿತು. ಅವಳು ಬೈಂದೂರಿನ ಕಡೆ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಾಳೆ.

"ಅತ್ಗೆ, ಟಾರ್ಗೆಟ್ ಆಡಿಯನ್ಸ್ ಯಾರ್?" ಎಂದಳು.

"ಆಡುವವರು."

"ಅದ್ ಉತ್ತರ ಅಲ್ಲ. ವಯಸ್ಸ್ ಎಷ್ಟ್, ಎಂತ ಓದಿದವ್ರ್, ದಿನಕ್ಕೆ ಎಷ್ಟ್ ಹೊತ್ತ್ ಪುರ್ಸೊತ್ತಿದ್ದವ್ರ್, ಇದೆಲ್ಲ ಬರೀಕ್."

ಬರೆದದ್ದು ಅವಳೇ. ಒಂದು ದೊಡ್ಡ ಹಾಳೆಯಲ್ಲಿ ಚೌಕ ಹಾಕಿ, ಎಂಟರಿಂದ ಹನ್ನೆರಡು ವರ್ಷದ ಮಕ್ಕಳು ಎಂದು ತೀರ್ಮಾನಿಸಿದಳು. ರಜೆಯಲ್ಲಿ ತಂದೆತಾಯಿ ಮಕ್ಕಳನ್ನು ಮೊಬೈಲಿನಿಂದ ಬಿಡಿಸಲು ಏನನ್ನಾದರೂ ಕೊಳ್ಳುತ್ತಾರಂತೆ. ಒಪ್ಪಿದೆ. ಸತ್ತವರನ್ನೆಲ್ಲ ತೆಗೆದೆ. ಸುಳ್ಳು ಸಾಕ್ಷಿಯ ಗುಮಾಸ್ತನನ್ನು ಅಂಚೆಯಣ್ಣ ಮಾಡಿದೆ. ಕಳ್ಳಸಾಗಣೆಯ ಜಾಗದಲ್ಲಿ ಕಳೆದುಹೋದ ಕರುವನ್ನು ತಂದೆ. ಆ ಪ್ರತಿ ಹಿಡಿದು ಬ್ರಹ್ಮಾವರದಲ್ಲಿ ನಡೆಯುತ್ತಿದ್ದ ಒಂದು ಬೇಸಿಗೆ ಶಿಬಿರಕ್ಕೆ ಹೋದೆವು.

"ಇದ್ರಲ್ಲಿ ದೆವ್ವ ಇಲ್ಯಾ?" ಎಂದು ಒಬ್ಬಳು ಕೇಳಿದಳು.

"ಇಲ್ಲ."

"ಕಳ್ಳ?"

"ಇಲ್ಲ ಮಗಾ."

"ಮತ್ತ್ ಎಂತ ಇತ್ತ್?"

ಕರು ಇದೆ ಎಂದೆ. ಹತ್ತು ನಿಮಿಷದಲ್ಲಿ ಆ ಮಕ್ಕಳು ಕರುವನ್ನು ಹೊಳೆಗೆ ದೂಡಿ, ಅಂಚೆಯಣ್ಣನನ್ನು ಕಟ್ಟಿಹಾಕಿ, ಹಡಗು ವಶಪಡಿಸಿಕೊಂಡರು. ಕರೆದೊಯ್ಯಲು ಬಂದ ತಾಯಿಯೊಬ್ಬರು, "ಇದ್ರಿಂದ ಗಣಿತ ಇಂಪ್ರೂವ್ ಆತ್ತಾ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ನಾದಿನಿ "ಆತ್ತ್" ಎಂದಳು.

ಮುಂದಿನ ವಾರ ಅವಳ ಚೌಕ ಬದಲಾಯಿತು. ಮಕ್ಕಳಲ್ಲ, ಕಾಲೇಜಿನವರು. ಮತ್ತೆ ತಿದ್ದಿದೆ. ಸತ್ತವರನ್ನು ಒಳಗೆ ಕರೆದೆ, ಒಂದು ಪ್ರೇಮ ಪ್ರಕರಣ ಸೇರಿಸಿದೆ. ಅವಳ ವಿದ್ಯಾರ್ಥಿಗಳು ಹದಿನೈದು ಜನ ಬಂದು ಕೂತರು. ಅಟೆಂಡೆನ್ಸ್ ಕೊಡುತ್ತೇನೆ ಎಂದು ಅವಳು ಆಸೆ ತೋರಿಸಿದ್ದಳೆಂದು ಆಮೇಲೆ ಗೊತ್ತಾಯಿತು. ಆದರೂ ಒಂದು ಗಂಟೆಯ ಹೊತ್ತಿಗೆ ನಾಲ್ಕು ಮಂದಿ ಮೊಬೈಲು ಕೆಳಗಿಟ್ಟಿದ್ದರು. ಹಡಗು ನಡುಹೊಳೆಯಲ್ಲಿತ್ತು, ದಕ್ಕೆಯ ಮೇಲೆ ಯಾರೋ ದೀಪ ಹಿಡಿದು ನಿಂತಿದ್ದರು, ನನಗೇ ಮೈ ಜುಮ್ಮೆನ್ನುತ್ತಿತ್ತು. ಅಷ್ಟರಲ್ಲಿ ಒಬ್ಬ "ನಾಲ್ಕ್ ಗಂಟಿ ಬಸ್ಸ್!" ಎಂದ. ಹದಿನೈದು ಜನವೂ ಚೀಲ ಹೆಗಲಿಗೇರಿಸಿ ಎದ್ದುಹೋದರು.

ಮೂರನೆಯ ಬಾರಿಗೆ ಅವಳು "ಕುಟುಂಬ" ಎಂದಳು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆಡುವಂಥದ್ದು. ಅದಕ್ಕೂ ತಿದ್ದಿದೆ. ಕುಂಭಾಶಿಯಲ್ಲಿರುವ ನನ್ನ ಚಿಕ್ಕ ಮಾವನ ಮನೆಯಲ್ಲಿ ಭಾನುವಾರ ಎಲ್ಲರೂ ಸೇರಿದೆವು. ಮಾವ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ಅವರಿಗೆ ವ್ಯಾಪಾರಿಯ ಪಾತ್ರ ಕೊಟ್ಟೆ. ಸುಂಕದ ಕಟ್ಟೆಯವನೊಡನೆ ಎರಡು ಮಾತಾಡಿ ದಾಳ ಹಾಕಬೇಕಿತ್ತು. ಮಾವ ಎದ್ದು ನಿಂತು ಶಾಲು ಸರಿಮಾಡಿಕೊಂಡು ಸುಂಕದ ಧರ್ಮಾಧರ್ಮದ ಮೇಲೆ ಅರ್ಧ ಗಂಟೆ ಮಾತಾಡಿದರು. ಅತ್ತೆ ಎದ್ದು ಒಳಗೆ ಹೋಗಿ ಕೊಟ್ಟೆಕಡುಬಿಗೆ ಚಟ್ನಿ ಕಡೆದು ಬಂದರು. ಮಾವ ಇನ್ನೂ ಮುಗಿಸಿರಲಿಲ್ಲ.

ಕೊನೆಗೆ ದಾಳವನ್ನು ಅವರ ಕೈಗೇ ಇಟ್ಟೆ. "ಇದೆಂತಕ್ಕೆ?" ಎಂದರು. "ನಾನ್ ಇಷ್ಟ್ ಹೇಳಿದ ಮೇಲೂ ಅವ ಒಪ್ಪುದಿಲ್ಲ ಅಂದ್ರೆ ಅವ ಮನ್ಷನೇ ಅಲ್ಲ."

ಬರುವಾಗ ಬಸ್‌ ಸ್ಟಾಪಿನಲ್ಲಿ ನಾದಿನಿ ಹೊಸ ಹಾಳೆ ತೆಗೆದಳು. "ಅತ್ಗೆ, ರಿಟೈರ್ ಆದವ್ರಿಗೆ ಮಾಡಿರೆ ಹ್ಯಾಂಗೆ?"

"ಇನ್ನೊಂದು ಚೌಕ ಹಾಕಿದರೆ ನಾನು ನಡೆದೇ ಮನೆಗೆ ಹೋಗುತ್ತೇನೆ" ಎಂದೆ. ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿದಳು. ನನಗೆ ಸಿಟ್ಟು ಅವಳ ಮೇಲಷ್ಟೇ ಅಲ್ಲ. ಮೂರು ಬಾರಿ ತಿದ್ದಿದ್ದು ನನ್ನದೇ ಕೈ.

ಮಳೆಗಾಲ ಬಂತು. ಮೀನುಗಾರಿಕೆಗೆ ರಜೆ ಇರುವ ದಿನಗಳು. ಒಂದು ಬೆಳಿಗ್ಗೆ ಕಡಲ ಬದಿಯ ಕೋಡಿ ಊರಿನ ಹೆಂಗಸೊಬ್ಬರು ಅಂಗಡಿ ಮೆಟ್ಟಿಲಲ್ಲಿ ಕೊಡೆ ಮಡಚುತ್ತ, "ಹ್ವಾಯ್ ಅಕ್ಕ, ಜೆರಾಕ್ಸ್ ಇತ್ತಾ?" ಎಂದರು. ಮೀನು ಮಾರುವವರು, ಮುಖ ಗೊತ್ತಿತ್ತು. ಪ್ಲಾಸ್ಟಿಕ್ ಚೀಲದಿಂದ ಅವರು ತೆಗೆದದ್ದು ನನ್ನ ಆಟ! ಹೊದಿಕೆ ಹರಿದು, ಹಾಳೆಗಳು ಎಣ್ಣೆ ಕುಡಿದು, ಸ್ಪೈರಲ್ಲಿನ ಬದಲು ಬಲೆಯ ನೂಲು.

"ಇದು ನಿಮಗೆಲ್ಲಿ ಸಿಕ್ಕಿತು?"

"ಮೀನ್ ಕೊಡುಕ್ ಹೋಪ ಒಂದ್ ಮನಿಯಲ್ಲಿ. ಮೀನ್ ಕಟ್ಟುಕೆ ಅಂದ್ ಹಳೀ ಪೇಪರ್ ಕೊಟ್ರ್, ಅದ್ರೊಟ್ಟಿಗೆ ಇದಿತ್ತ್. ಸೊಸೆ ಓದಿ ಹೇಳ್ತ್, ನಾನೂ ಓರಗಿತ್ತಿಯರಿಬ್ರೂ ಆಡ್ತೊ."

ನನ್ನ ಪುಸ್ತಕ ಮೀನು ಕಟ್ಟಲು ಹೋಗಿತ್ತೆಂಬುದನ್ನು ನುಂಗಿಕೊಂಡು, ಇದರ ಹೊಸ ಆವೃತ್ತಿ ಬರುತ್ತದೆ ಎಂದೆ.

"ಎಂತಕ್ಕೆ? ಇದಕ್ಕೆ ಎಂತ ಆಯ್ತ್?" ಎಂದರು ಅವರು. ಆಮೇಲೆ ಒಂದು ಪುಟ ತೆಗೆದು ಬೆರಳಿಟ್ಟರು. "ಒಂದ್ ತಪ್ಪಿತ್ತ್. ಇಳಿತದಲ್ಲಿ ತುಂಬಿದ್ ದೋಣಿ ಅಳಿವೆಯಿಂದ ಮೇಲ್ ಬತ್ತಂಬ್ರ್! ಎಲ್ಲಾದ್ರೂ ಬತ್ತಾ? ಬರ್ದವ್ರ್ ಹೊಳಿ ಕಂಡವ್ರಲ್ಲ."

ನೀರು ಕಡಲಿಗೆ ಇಳಿಯುವ ಹೊತ್ತಿನಲ್ಲಿ ತುಂಬಿದ ದೋಣಿ ಹೊಳೆಬಾಯಿಂದ ಒಳಕ್ಕೆ ಬಾರದೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಹೊಳೆಯಿಂದ ಕೂಗಳತೆಯಲ್ಲಿ ಹುಟ್ಟಿ ಬೆಳೆದವಳು ನಾನು. ಕಿವಿ ಬಿಸಿಯಾಯಿತು. ಬರೆದವಳು ನಾನೇ ಎಂದೆ. ಅವರೇನೂ ಮುಜುಗರಪಡಲಿಲ್ಲ. "ನೀವಾ? ಹಾಂಗಾರೆ ಸರಿ ಮಾಡಿ" ಎಂದು ಹಾಳೆ ಮುಂದಿಟ್ಟರು.

ಆ ವಾರವೇ ಕೋಡಿಗೆ ಹೋದೆ. ಬೇಡವೆಂದರೂ ನಾದಿನಿ ಜೊತೆಗೆ ಬಂದಳು, ವಯಸ್ಸು, ವಿದ್ಯಾಭ್ಯಾಸ, ಹವ್ಯಾಸ ಎಂದು ಪ್ರಶ್ನೆಗಳಿದ್ದ ಫಾರ್ಮು ಹಿಡಿದು. "ಇದ್ ರೇಷನ್ ಕಾರ್ಡಿಗಾ?" ಎಂದು ಒಬ್ಬ ಓರಗಿತ್ತಿ ಕೇಳಿದರು. ಅಲ್ಲ ಎಂದಾಗ ಮಡಚಿ ಅಲ್ಲಾಡುತ್ತಿದ್ದ ಸ್ಟೂಲಿನ ಕಾಲಿನಡಿ ಇಟ್ಟರು.

ನಾಲ್ವರೂ ಆಡಲು ಕೂತರು. ನನ್ನ ನಿಯಮಗಳಲ್ಲಿ ಮುಕ್ಕಾಲು ಪಾಲು ಅವರು ಬಿಟ್ಟೇಬಿಟ್ಟಿದ್ದರು. ದಾಳ ಹಾಕುತ್ತಿದ್ದದ್ದು ಜಗಳ ಬಂದಾಗ ಮಾತ್ರ. ದೋಣಿಗೆ ಸರಕು ತುಂಬುವ ನಿಯಮಕ್ಕೆಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಬರೆದ ನಾಲ್ಕು ಪುಟಗಳ ಹಿಂಬದಿಯಲ್ಲಿ ಸೊಸೆ ಪಾತ್ರಗಳ ಹೆಸರು ಬರೆದಿದ್ದಳು, ಮುಂಬದಿ ಯಾರೂ ಓದಿದಂತಿರಲಿಲ್ಲ. "ಆ ನಿಯಮ ಹಾಕಿ ನೋಡಿ" ಎಂದೆ. "ಅದ್ ಬ್ಯಾಡ ಅಕ್ಕ, ಒರಕ್ ಬತ್ತ್" ಎಂದಳು ಸೊಸೆ. ನಿದ್ದೆ ಬರುತ್ತದಂತೆ! ಸುಂಕದವನಾಗಿದ್ದ, ಅಂಗಡಿಗೆ ಬಂದಿದ್ದ ಅವಳ ಅತ್ತೆಗೆ, ವ್ಯಾಪಾರಿಯಾಗಿದ್ದ ಓರಗಿತ್ತಿ ಎಂಥ ಸುಳ್ಳು ಹೇಳಿದರೆಂದರೆ ನಾದಿನಿ ಪೆನ್ನು ಬಾಯಲ್ಲಿಟ್ಟುಕೊಂಡು ಕೂತುಬಿಟ್ಟಳು. ಚಾ ಆರಿಹೋದದ್ದು ನನಗೂ ತಿಳಿಯಲಿಲ್ಲ.

ಮೂರು ತಿದ್ದುಪಡಿಗಳನ್ನೂ ಬದಿಗಿಟ್ಟು ಹಳೆಯ ಫೈಲನ್ನೇ ತೆರೆದೆ. ಭರತ ಇಳಿತ ಸರಿಮಾಡಿದೆ. ಸರಕಿನ ನಾಲ್ಕು ಪುಟ ಅರ್ಧ ಪುಟವಾಯಿತು, ಹೊಟ್ಟೆ ಉರಿಯಿತು. ಹೊಸ ಪುಸ್ತಕ ಸಿದ್ಧವಾದ ದಿನ ಕೋಡಿಯ ಆ ಮೀನು ಮಾರುವವರನ್ನು ಅಂಗಡಿಗೆ ಕರೆದು ಮೊದಲ ಪ್ರತಿಯನ್ನು ಉಡುಗೊರೆಯಾಗಿ ಕೊಟ್ಟೆ. ಅವರು ನಿಂತಲ್ಲೇ ಮಗುಚಿ, ಅಳಿವೆಯ ಪುಟ ಹುಡುಕಿ, "ಇದ್ ಒಂದ್ ಜೆರಾಕ್ಸ್ ಮಾಡಿ" ಎಂದರು. ಆ ಹಾಳೆಯನ್ನು ಮಡಚಿ ಚೀಲದಲ್ಲಿದ್ದ ಹಳೆಯ ಪುಸ್ತಕಕ್ಕೆ ಸೇರಿಸಿ, ಹೊಸದನ್ನು ನನ್ನ ಕಡೆಗೇ ಸರಿಸಿದರು. "ಇದ್ ನಿಮ್ಗಿರ್ಲಿ. ನಮ್ಗೆ ಅದೇ ಅಭ್ಯಾಸ ಆಯ್ತ್."

ನಾದಿನಿಗೆ ಫೋನು ಮಾಡಿ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ನಕ್ಕು ಮುಗಿಸಿ, "ಹಾಂಗಾರೆ ಅತ್ಗೆ, ಅವ್ರನ್ನ ಯಾವ ಚೌಕಕ್ ಹಾಕುದ್?" ಎಂದಳು. ಫೋನು ಇಟ್ಟು, ಆಧಾರ್ ಕಾರ್ಡು ಹಿಡಿದು ಕಾಯುತ್ತಿದ್ದವರನ್ನು ಒಳಗೆ ಕರೆದೆ.