ದೊಡ್ಡ ಟಿ.ವಿ.ಯಲ್ಲಿ ಕಂಡ ಪೇಟಿ ಮಾಸ್ತರು

ಹೋದ ವರ್ಷ ದೀಪಾವಳಿಗೆ ನಮ್ಮ ಮನೆಗೆ ದೊಡ್ಡ ಟಿ.ವಿ. ಬಂತು. ಆಂಧ್ರದ ಆದೋನಿಯಲ್ಲಿ ನಮ್ಮದು ಹತ್ತಿ ವ್ಯಾಪಾರ, ನನಗೆ ಮಾತ್ರ ನಾಟಕದ ಹುಚ್ಚು. ಮನೆಯಲ್ಲಿ ಕನ್ನಡ ಮಾತಾಡಿದರೂ ನಾವು ಆಡುವುದು ತೆಲುಗು ಪದ್ಯನಾಟಕ. ಪದ್ಯ ಚೆನ್ನಾಗಿ ಬಂದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ನಾವು ಮತ್ತೊಮ್ಮೆ ಹಾಡಬೇಕು. ನಮಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ಅದಕ್ಕೂ ಮೊದಲು, ಆ ವರ್ಷದ ಯುಗಾದಿಯ ನಾಟಕದಲ್ಲಿ ನನ್ನದು ರಾಜನ ಪಾತ್ರ. ಮುಖ್ಯ ಪದ್ಯದ ಕೊನೆಗೆ ರಾಗ ಎಳೆಯುತ್ತಿದ್ದೆ. ಅದು ಮುಗಿಯುವ ಮೊದಲೇ ಪೇಟಿ ಮಾಸ್ತರು, ಅಂದರೆ ಹಾರ್ಮೋನಿಯಂ ನುಡಿಸುವ ಈರಣ್ಣನವರು, ಜೋರಾಗಿ ನುಡಿಸಿ ನನ್ನ ದನಿಯನ್ನೇ ಮುಳುಗಿಸಿಬಿಟ್ಟರು. ಒಬ್ಬರೂ ಒನ್ಸ್ ಮೋರ್ ಅನ್ನಲಿಲ್ಲ. ಪರದೆ ಬಿದ್ದದ್ದೇ ತಡ, ಬೇಕಂತಲೇ ನನ್ನ ಪದ್ಯ ಕೆಡಿಸಿದಿರಿ ಎಂದು ಎಲ್ಲರೆದುರು ಬೈದೆ. ಅರವತ್ತು ದಾಟಿದ ಮನುಷ್ಯ, ನನಗೆ ಪದ್ಯ ಕಲಿಸಿದವರೂ ಅವರೇ. ಒಂದು ಮಾತೂ ಆಡದೆ ಪೇಟಿ ಎತ್ತಿಕೊಂಡು ತಮ್ಮೂರು ಮದ್ದಿಕೇರಕ್ಕೆ ಹೋದರು. ಅವರಿದ್ದರೆ ನಾನು ಬಣ್ಣ ಹಚ್ಚುವುದಿಲ್ಲ ಎಂದು ಹಠ ಹಿಡಿದೆ. ತಂಡದವರು ಅವರನ್ನು ಕರೆಯುವುದನ್ನು ಬಿಟ್ಟರು.

ಮದುವೆ ವಿಡಿಯೊ ತೆಗೆಯುವವರೊಬ್ಬರು ಆ ನಾಟಕವನ್ನು ಒಳ್ಳೆಯ ಕ್ಯಾಮೆರಾದಲ್ಲಿ ಹಿಡಿದಿದ್ದರು. ಫೋನಿನಲ್ಲಿ ಎಷ್ಟೋ ಸಲ ನೋಡಿದ್ದೆ, ಆದರೆ ನೋಡಿದ್ದೆಲ್ಲ ನನ್ನ ಕಿರೀಟವನ್ನೇ. ಪಾಡ್ಯದ ದಿನ ಊಟ ಮುಗಿಸಿ ಹೊಸ ಟಿ.ವಿ.ಯಲ್ಲಿ ಎಚ್.ಡಿ. ಮಾಡಿ ಹಾಕಿದೆವು. ಮೀಸೆಗೆ ಹಚ್ಚಿದ ಅಂಟು ಕೂಡ ಕಾಣುತ್ತಿತ್ತು. ನನ್ನ ಪದ್ಯ ಬಂದಾಗ ಹೆಂಡತಿ ಶಾರದಾ ರಿಮೋಟ್ ಒತ್ತಿ ನಿಲ್ಲಿಸಿದಳು.

“ಅಲ್ರೀ, ಇಲ್ಲಿ ನಿಮ್ಮ ದನಿ ಒಡದೈತಿ. ಮಾಸ್ತರು ಪೇಟಿ ಜೋರು ಮಾಡಿದ್ದು ಆಮ್ಯಾಲೆ” ಅಂದಳು.

ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದಳು. ನಿಜವೇ. ರಾಗದ ತುದಿಯಲ್ಲಿ ನನ್ನ ದನಿ ಬಿರಿದು ಶ್ರುತಿ ತಪ್ಪಿತ್ತು. ಬದಿಯಲ್ಲಿ ಕೂತ ಮಾಸ್ತರು ಗಾಬರಿಯಿಂದ ನನ್ನತ್ತ ನೋಡಿ, ತಿದಿ ಜೋರಾಗಿ ಒತ್ತಿ ಆ ಅಪಸ್ವರವನ್ನು ಮುಚ್ಚಿದರು. ನಾನು ತಡವರಿಸಿದ್ದಕ್ಕೆ ಮುಂದಿನ ಮಾತನ್ನು ತುಟಿಯಲ್ಲೇ ಹೇಳಿಕೊಡುತ್ತಿದ್ದರು. ಫೋನಿನಲ್ಲಿ ಅವರು ಉಗುರಿನಷ್ಟು ಕಾಣುತ್ತಿದ್ದರು, ನನ್ನ ದನಿಯೂ ಪೇಟಿಯಲ್ಲೇ ಕಲೆತು ಕೇಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಶಾರದಾ ನಕ್ಕಳು.

ಮರುದಿನ ಬೆಳಿಗ್ಗೆಯೇ ಮದ್ದಿಕೇರಕ್ಕೆ ಹೋದೆ. ಮಾಸ್ತರು ಬಾಗಿಲಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು. ಕಾಲಿಗೆ ಬಿದ್ದೆ. ರಾಜನ ಪಾತ್ರದವನು ಹೀಗೆಲ್ಲ ಬೀಳಬಾರದು ಎಂದು ತಮಾಷೆ ಮಾಡಿ ಎಬ್ಬಿಸಿದರು. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಎಲ್ಲಾರ ಮುಂದ ದನಿ ಒಡೀತು ಅಂದಿದ್ರ ನೀ ಮತ್ತ ಸ್ಟೇಜ್ ಹತ್ತತಿದ್ದಿಲ್ಲಪ್ಪ. ನಿನಗ ಕಲಿಸಾಕ ನನಗ ಎಂಟು ವರ್ಷ ಹಿಡದೈತಿ” ಅಂದರು.

ತಂಡದವರನ್ನೆಲ್ಲ ಸೇರಿಸಿ, ಆ ವಿಡಿಯೊ ತೋರಿಸಿ, ತಪ್ಪು ನನ್ನದು ಅಂದೆ. ಮಾಸ್ತರು ಈಗ ಮತ್ತೆ ಬರುತ್ತಾರೆ, ಮೊದಲಿನಂತೆಯೇ ಗದರುತ್ತಾರೆ. ಆದರೆ ಆ ಏಳು ತಿಂಗಳು ಬೇರೆ ತಂಡದವರೂ ಅವರನ್ನು ಕರೆದಿರಲಿಲ್ಲ. ಪದ್ಯ ಕೆಡಿಸುವವರು ಎಂಬ ಹೆಸರನ್ನು ನಾನೇ ಹಬ್ಬಿಸಿದ್ದೆ. ಮಾಸ್ತರು ಒಂದು ಮಾತು ಹೇಳಿದ್ದರೆ ಅವರ ಮಾನ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಅವರು ಹೇಳಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.