ಅಂಟಣ್ಣನ ಬಲಗೈ

ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅಂಟಣ್ಣ. ದೊಡ್ಡ ಕುಲುಮೆಗಳಿಗೆ ಹೋಗುವ ಪಿಂಗಾಣಿ ಕೊಳವೆಗಳನ್ನು ಬೆಂಕಿಗೂ ಜಗ್ಗದ ಬಿಳಿ ಅಂಟು ಹಾಕಿ ಜೋಡಿಸುವುದು ಅವನ ಕೆಲಸ. ಮದುವೆಯಾದ ವರ್ಷ ಹಿಡಿದ ಮೇಜನ್ನು ಮೊಮ್ಮಗಳು ಶಾಲೆಗೆ ಸೇರಿದರೂ ಬಿಟ್ಟಿರಲಿಲ್ಲ. ಅಂಟು ಜಾಸ್ತಿ ಮೆತ್ತಿದರೆ ಜಾಸ್ತಿ ಹಿಡಿಯುತ್ತದೆ ಎನ್ನುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ದಪ್ಪಗೆ ಮೆತ್ತಿದ್ದು ಬೆಂಕಿಯಲ್ಲಿ ಬಿರಿಯುತ್ತದೆ. ತೆಳ್ಳಗೆ, ಒಂದೇ ಸಮ ಸವರಬೇಕು.

ಸವರುವ ಆ ಬಲಗೈಯೇ ಈಗ ನಡುಗತೊಡಗಿತ್ತು. ಡಾಕ್ಟರು ವಯಸ್ಸಿನ ಮೇಲೆ ಹಾಕಿ ಕೈ ತೊಳೆದುಕೊಂಡರು. ಗೊತ್ತಾದರೆ ಮೇಜು ಕಿತ್ತುಕೊಂಡು ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸುತ್ತಾರೆ! ಅದನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಸಾಲದ್ದಕ್ಕೆ ಪಕ್ಕದ ಮೇಜಿನಲ್ಲಿ ಅವನಿಗಿಂತ ಹಿರಿಯಳಾದ ರೇಡಿಯೋ ಅಕ್ಕ. ಅವಳ ಕಿವಿಗೆ ಬಿದ್ದರೆ ಊರಿಗೆಲ್ಲ ಡಂಗುರ ಸಾರಿದಂತೆಯೇ.

ಒಂದು ದಿನ ಅಂಟು ಕೊಳವೆಯ ಬಾಯಿಗಿಂತ ಅವನ ಅಂಗಿಗೇ ಹೆಚ್ಚು ಮೆತ್ತಿತು. ಅಕ್ಕ ಹೇಳುತ್ತಿದ್ದ ಸುದ್ದಿಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಎಷ್ಟು ದಿನದಿಂದ ಹೀಗೆ?"

"ಯಾರಿಗೂ ಹೇಳ್ಬೇಡಕ್ಕ, ಕೈ ಮುಗೀತೀನಿ."

"ಮುಗಿಯೋಕಾದ್ರೂ ಕೈ ನಿಲ್ಬೇಕಲ್ಲಪ್ಪ!" ಎಂದು ಅಕ್ಕ ಅವನ ಸಣ್ಣ ಕರಣೆಯನ್ನು ಕಸಿದುಕೊಂಡಳು. "ನಾನು ಸವರ್ತೀನಿ, ನೀನು ಒತ್ತು."

ಅವಳು ಒದ್ದೆ ಬಟ್ಟೆಯಿಂದ ಕೊಳವೆಗಳ ಬಾಯಿ ತೇವ ಮಾಡಿ, ತೆಳ್ಳಗೆ ಸವರಿ ಕೊಟ್ಟಳು. ಅವನು ಒಂದರ ಮೇಲೊಂದು ಇಟ್ಟು ಒತ್ತಿದ. ಕೈ ತನ್ನ ಪಾಡಿಗೆ ನಡುಗಿತು. ಆ ನಡುಕಕ್ಕೆ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಹೊರಬಂದು, ಕೊಳವೆ ಭದ್ರವಾಗಿ ಕೂತಿತು. ಇದಕ್ಕೆಂದೇ ಬೇರೆಯವರು ಕೊಳವೆಯನ್ನು ಬೇಕಂತಲೇ ಅಲುಗಿಸುತ್ತಾರೆ. ಅಂಟಣ್ಣನಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಮುಂದಿನ ವಾರ ಪರೀಕ್ಷೆಯ ಕುಲುಮೆ ತೆರೆದಾಗ ಅವರ ಒಂದು ಜೋಡಣೆಯೂ ಬಿಟ್ಟಿರಲಿಲ್ಲ. ಸೂಪರ್‌ವೈಸರ್ ಖುಷಿಯಲ್ಲಿ ಮೇಜಿನ ಹತ್ತಿರವೇ ಬಂದ.

"ಏನಕ್ಕಾ, ರೇಡಿಯೋ ಆಫ್ ಆಗಿದೆ? ಸಮಾಚಾರ ಏನೂ ಇಲ್ವಾ?"

ಅಂಟಣ್ಣ ಬಲಗೈಯನ್ನು ಮೇಜಿನಡಿಗೆ ಎಳೆದುಕೊಂಡ.

"ಏನೂ ಇಲ್ಲ ಸಾರ್," ಎಂದಳು ಅಕ್ಕ. ಅವಳ ಬಾಯಲ್ಲಿ ಅಂಥ ಮಾತನ್ನು ಆ ಕಾರ್ಖಾನೆ ಅಲ್ಲಿಯವರೆಗೆ ಕೇಳಿರಲಿಲ್ಲ.

ಸೂಪರ್‌ವೈಸರ್ ಅತ್ತ ಹೋದದ್ದೇ, ಸವರಿಟ್ಟ ಕೊಳವೆಯನ್ನು ಇತ್ತ ತಳ್ಳಿದಳು.

"ಒತ್ತು ತಮ್ಮಾ, ಒಣಗತ್ತೆ."