ನಿಲ್ಲದೆ ಓಡಿದ ಲಾರಿ

ಹೊಸ ಗ್ರಾಫಿಕ್ಸ್ ಕಾರ್ಡು ನನ್ನ ಹಳೇ ಕಂಪ್ಯೂಟರಿನ ಡಬ್ಬಿಯೊಳಗೆ ಹಿಡಿಸದೇ ಹೋಗಬಹುದಿತ್ತು. ಹಿಡಿಸಿದರೂ ಪವರ್ ಸಪ್ಲೈ ತಾಳದೆ ಸುಟ್ಟ ವಾಸನೆ ಬರಬಹುದಿತ್ತು. ಕುಂದಾಪುರದಿಂದ ಹೆಮ್ಮಾಡಿಗೆ ಬರುವ ಬಸ್ಸಿನಲ್ಲಿ ಯಾರಾದರೂ ಅದರ ಮೇಲೆ ಮೀನಿನ ಚೀಲ ಇಡಬಹುದಿತ್ತು, ಇಲ್ಲವೇ ನಾನೇ ಅದನ್ನು ಸೀಟಿನಲ್ಲಿ ಬಿಟ್ಟು ಇಳಿಯಬಹುದಿತ್ತು. ಕೂರಿಸುವಾಗ ಒತ್ತಿದ್ದು ಜಾಸ್ತಿಯಾಗಿ ಮದರ್‌ಬೋರ್ಡು ಬಿರುಕು ಬಿಡಬಹುದಿತ್ತು. ಶಾಕ್ ಹೊಡೆದು ನಾನು ಬಿದ್ದರೆ, ಒಬ್ಬಳೇ ಇರುವ ಮನೆ, ಸೋಮವಾರ ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕುರ್ಚಿ ಖಾಲಿ ಕಂಡ ಮೇಲೇ ಯಾರಿಗಾದರೂ ಗೊತ್ತಾಗುವುದು. ಅದೂ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ನನ್ನನ್ನು ಹುಡುಕುವವರು ಯಾರೂ ಇಲ್ಲ.

ಐವತ್ತರ ಹತ್ತಿರದ ಹೆಂಗಸಿಗೆ ಇದೆಲ್ಲ ಬೇಕಿತ್ತೇ ಎಂದರೆ, ಬೇಕಿತ್ತು. ಮುಂಬೈಯಲ್ಲಿ ಗಂಡನ ಜೊತೆ ಹೋಟೆಲು ನಡೆಸುವ ತಂಗಿಯೂ ನಾನೂ ಶನಿವಾರ ಸಂಜೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತೇವೆ. ಆಟದ ಲಾರಿ. ಅವಳು ಅಲ್ಲಿ, ನಾನು ಇಲ್ಲಿ, ಕಿವಿಗೆ ಹೆಡ್‌ಫೋನು. ಯಾವುದೋ ದೇಶದ ಹೆದ್ದಾರಿಯಲ್ಲಿ ಅವಳ ಲಾರಿ ಮುಂದೆ, ನನ್ನದು ಹಿಂದೆ. ಫೋನು ಮಾಡಿದರೆ ಅವಳಿಗೆ ಗಿರಾಕಿಗಳ ಗಲಾಟೆ. ಆಟಕ್ಕಾದರೆ ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ವಾರದಲ್ಲಿ ನಾನು ಬಾಯಿತುಂಬ ಮಾತಾಡುವುದು ಆಗ ಮಾತ್ರ.

ಆದರೆ ಪರದೆಗೆ ಚಿತ್ರ ಮೂಡಿಸುವ ನನ್ನ ಹಳೇ ಕಾರ್ಡಿಗೆ ಆ ಆಟ ಭಾರ. ಸೇತುವೆ ಬಂದಲ್ಲೆಲ್ಲ ಪರದೆ ಸ್ತಬ್ಧ, ಲಾರಿ ನಿಂತಲ್ಲೇ ನಿಲ್ಲುತ್ತಿತ್ತು. ಅದು ಮತ್ತೆ ಹೊರಡುವವರೆಗೆ ಅವಳ ಸೊಂಟನೋವು, ನನ್ನ ಆಫೀಸು ಎಂದು ಏನಾದರೊಂದು ಮಾತು.

"ಹ್ವಾಯ್ ಅಕ್ಕ, ಮತ್ತ್ ನಿಂತ್ತಾ?"

"ನಿಂತ್ತ್. ಒಂದ್ ಚೂರ್ ತಡಿ ಹೆಣೆ."

"ನಿನ್ ಲಾರಿಗಿಂತ ಎತ್ತಿನಗಾಡಿ ಅಡ್ಡಿಲ್ಲ ಮಾರಾಯ್ತಿ. ಹೀಂಗಾರೆ ನಾ ಇನ್ ಬತ್ತಿಲ್ಲ, ಕಾಣ್."

ತಮಾಷೆಗೇ ಅಂದಿದ್ದು. ನಾನು ವಾರವಿಡೀ ಅದನ್ನೇ ಮೆಲುಕು ಹಾಕಿದೆ. ಬಾರದೇ ಹೋದರೆ?

ಮುಂದಿನ ಶನಿವಾರ ಕುಂದಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಪ್ರಶ್ನೆಗಳಿಗೆ ಅಂಗಡಿಯವರು ಸುಸ್ತಾದರು. "ಅಕ್ಕ, ಅದ್ ಕಾರ್ಡ್, ಬಾಂಬ್ ಅಲ್ಲ. ಮೆಲ್ಲ ಒತ್ತಿ, ಟಕ್ ಅಂತ್ತ್. ಅಷ್ಟೇ."

ಕಾರ್ಡು ಕೊಂಡು ಮನೆಗೆ ಬಂದು ನೋಡಿದರೆ ಡಬ್ಬಿಯ ಸ್ಕ್ರೂಗಳು ಕಡಲ ಗಾಳಿಗೆ ತುಕ್ಕು ಹಿಡಿದಿದ್ದವು. ಒಂದೊಂದಕ್ಕೂ ತೆಂಗಿನೆಣ್ಣೆ ಬಿಟ್ಟು, ಚಾ ಕುಡಿದು ಬಂದು ತಿರುಗಿಸಿದೆ. ಹಳತನ್ನು ತೆಗೆದು ಹೊಸತನ್ನಿಟ್ಟು ಕಣ್ಣುಮುಚ್ಚಿ ಒತ್ತಿದೆ. ಟಕ್ ಅಂದಿತು. ಸ್ವಿಚ್ಚು ಹಾಕುವಾಗ ನನ್ನ ಕಾಲಿಗೆ ರಬ್ಬರ್ ಚಪ್ಪಲಿ, ಕೈಗೆ ಪಾತ್ರೆ ತೊಳೆಯುವ ಗ್ಲೌಸು. ನೋಡುವವರಿಲ್ಲದ್ದು ಅವತ್ತಿನ ಮಟ್ಟಿಗೆ ಒಳ್ಳೆಯದೇ ಆಯಿತು. ಪರದೆ ಬೆಳಗಿತು.

ಸಂಜೆ ತಂಗಿ ಆಟಕ್ಕೆ ಬಂದಳು. ಮೊದಲ ಸೇತುವೆ ದಾಟಿದೆ, ಎರಡನೆಯದೂ ದಾಟಿದೆ.

"ಅಬ್ಬ! ಇವತ್ತ್ ನಿನ್ ಲಾರಿ ಹಾರ್ತಾ ಇತ್ತಲ್ಲ ಮಾರಾಯ್ತಿ!"

ಹುರುಪಿಗೆ ಅವಳೂ ವೇಗ ಹೆಚ್ಚಿಸಿದಳು. ಆಮೇಲೆ ಎಲ್ಲ ರಸ್ತೆಯದೇ ಮಾತು: ಬಲಕ್ಕೆ ತಿರ್ಗ್ಸ್, ಸಿಗ್ನಲ್ ಕಾಣ್, ಓವರ್‌ಟೇಕ್ ಮಾಡ್. ಸರಕು ಇಳಿಸುವ ಊರು ಎಂದಿಗಿಂತ ಬೇಗ ಬಂದೇಬಿಟ್ಟಿತು.

"ಮುಗೀತಲ್ಲ. ನಾ ಹೋತೆ ಅಕ್ಕ, ಕೆಳಗೆ ಕರೀತಿದ್ರ್."

"ಆಯ್ತ್, ಹೋಗ್ ಹೆಣೆ."

ಹೆಡ್‌ಫೋನು ತೆಗೆದೆ. ಯಾವುದೂ ಸುಟ್ಟಿರಲಿಲ್ಲ, ಒಡೆದಿರಲಿಲ್ಲ. ಫ್ಯಾನು ಕೂಡ ಸದ್ದಿಲ್ಲದೆ ತಿರುಗುತ್ತಿತ್ತು. ಇಷ್ಟು ದಿನ ನಾವು ಮನೆಯ ಮಾತೆಲ್ಲ ಆಡುತ್ತಿದ್ದದ್ದು ನನ್ನ ಲಾರಿ ಕೆಟ್ಟು ನಿಂತಾಗ. ಇವತ್ತು ಅದು ಎಲ್ಲೂ ನಿಲ್ಲಲಿಲ್ಲ, ಅವಳ ಸೊಂಟನೋವು ಹೇಗಿದೆ ಎಂದು ನಾನು ಕೇಳಲಿಲ್ಲ.